ಲೀಡರ್‌ಕ್ರಾನ್ಜ್ ಕಟ್ಟಿದ ದಾಖಲೆ: ಎರಡು ಗ್ಯಾಲನ್ ಹಾಲು, ಆರು ತುಂಡು, ಏಳು ವಾರ

ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿ ಒಹಾಯೋದಲ್ಲಿ ಬೆಳೆದ ಲೀಡರ್‌ಕ್ರಾನ್ಜ್ ಎಂಬ ನಾತದ ಮೆದು ಚೀಸಿಗೆ ಆದಷ್ಟು ಹತ್ತಿರದ್ದೊಂದನ್ನು ಅಮೆರಿಕದ ಮನೆಯೊಂದರಲ್ಲಿ, ಹಳೇ ಫ್ರಿಜ್ಜನ್ನೇ ಮಾಗುವ ಗೂಡು ಮಾಡಿಕೊಂಡು ಕಟ್ಟಿದ ದಾಖಲೆ ಇದು. ಹಾಲು, ರೆನೆಟ್ (ಹಾಲನ್ನು ಗಟ್ಟಿ ಮಾಡುವ ಕಿಣ್ವ), ಉಪ್ಪಿನ ಲೆಕ್ಕ ಬೇರೆ ಮೆದು ಚೀಸುಗಳಿಗೂ ಇದಕ್ಕೂ ಹೆಚ್ಚುಕಡಿಮೆ ಒಂದೇ. ಇದರ ಬಣ್ಣ, ರುಚಿ, ನಾತ ಮೂರೂ ಬರುವುದು ಸಿಪ್ಪೆಯ ಮೇಲೆ ಬೆಳೆಯುವ ಹೆಪ್ಪಿನಿಂದ, ಅಂದರೆ ಸೂಕ್ಷ್ಮಜೀವಿಗಳಿಂದ. ಅದಕ್ಕೇ ಆರು ತುಂಡಿನಲ್ಲಿ ಮೂರಕ್ಕೆ ಪುಡಿ ಹೆಪ್ಪು ಮಾತ್ರ ಹಚ್ಚಿ, ಇನ್ನು ಮೂರಕ್ಕೆ ಅಂಗಡಿಯಿಂದ ತಂದ ಲಿಂಬರ್ಗರ್ ಎಂಬ ಇನ್ನೊಂದು ನಾತದ ಚೀಸಿನ ಸಿಪ್ಪೆಯ ಹೆಪ್ಪನ್ನೂ ಸೇರಿಸಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲಾಯಿತು. ಉಷ್ಣತೆಯೆಲ್ಲ ಸೆಲ್ಸಿಯಸ್‌ನಲ್ಲಿದೆ.

ಮಾಡುತ್ತಿರುವುದು ಏನು

ನ್ಯೂಯಾರ್ಕ್ ನಗರದಲ್ಲಿ ಜರ್ಮನ್ ವಲಸಿಗರಿಗೆ ಅವರ ಊರಿನ ತಿನಿಸು ಮಾರುತ್ತಿದ್ದ ಅಡಾಲ್ಫ್ ಟೋಡೆ ಎಂಬ ವ್ಯಾಪಾರಿ ಬಿಸ್ಮಾರ್ಕ್ ಶ್ಲೋಸ್‌ಕೇಸ ಅನ್ನುವ ಮೆದು ಚೀಸನ್ನು ಜರ್ಮನಿಯಿಂದ ತರಿಸುತ್ತಿದ್ದರು. ಹಡಗು ದಡ ಸೇರುವಷ್ಟರಲ್ಲಿ ಅದು ಕೆಟ್ಟಿರುತ್ತಿತ್ತು. ಅದೇ ರಾಜ್ಯದ ಮನ್ರೋ ಎಂಬ ಊರಿನಲ್ಲಿ ಟೋಡೆಯವರ ಮನ್ರೋ ಚೀಸ್ ಕಂಪನಿ ಇತ್ತು. ಅಲ್ಲಿ ಕೆಲಸಕ್ಕಿದ್ದ ಸ್ವಿಟ್ಜರ್ಲೆಂಡ್ ಮೂಲದ ಎಮಿಲ್ ಫ್ರೈ ಆ ಚೀಸನ್ನು ಇಲ್ಲೇ ಮಾಡಲು ಹೊರಟು, 1891ರ ಸುಮಾರಿಗೆ ಬೇರೆಯದೇ ಒಂದನ್ನು ಕೈಗೆ ತಂದುಕೊಂಡರು. ನ್ಯೂಯಾರ್ಕ್‌ನಲ್ಲಿ 1847ರಿಂದ ಇದ್ದ ಲೀಡರ್‌ಕ್ರಾನ್ಜ್ ಎಂಬ ಜರ್ಮನ್ ಗಾಯನ ಸಂಘದವರು ಅದನ್ನು ತಿಂದು ಮೆಚ್ಚಿದರು. ಅವರ ಸಂಘದ ಹೆಸರೇ ಚೀಸಿಗೆ ಬಂತು. ಪದದ ಅರ್ಥ ಹಾಡುಗಳ ಮಾಲೆ.

ಹುಡುಕುವವರಿಗೆ ಒಂದು ಎಚ್ಚರಿಕೆ. ಅಮೆರಿಕದ ಚೀಸ್ ಲೋಕದಲ್ಲಿ ಮನ್ರೋ ಹೆಸರಿನ ಊರು ಎರಡಿವೆ. ಲೀಡರ್‌ಕ್ರಾನ್ಜ್ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಮನ್ರೋದಲ್ಲಿ. ಬೆಲ್ಜಿಯಂ ಕಡೆಯಿಂದ ಬಂದ ಲಿಂಬರ್ಗರನ್ನು ಬಹುಕಾಲ ಉಳಿಸಿಕೊಂಡು ಬಂದದ್ದು ವಿಸ್ಕಾನ್ಸಿನ್‌ನ ಮನ್ರೋ. ಲೀಡರ್‌ಕ್ರಾನ್ಜನ್ನು ಲಿಂಬರ್ಗರಿನ ತಮ್ಮ ಅನ್ನಬಹುದು: ಅದಕ್ಕಿಂತ ಚಿಕ್ಕ ತುಂಡು, ಹೆಚ್ಚು ಕೆನೆತನ, ಉಪ್ಪು ಸ್ವಲ್ಪ ಕಡಿಮೆ, ಬಲಿತಾಗ ಜೇನಿನ ಹಾಗೆ ಜಾರುವ ತಿರುಳು. ಚಿಕ್ಕ ತುಂಡು ಅಂದದ್ದು ಚಂದಕ್ಕಲ್ಲ. ಈ ಚೀಸ್ ಹೊರಗಿನಿಂದ ಒಳಕ್ಕೆ ಮಾಗುತ್ತದೆ, ಹಾಗಾಗಿ ತಿರುಳಿನ ನಡುಭಾಗಕ್ಕೂ ಸಿಪ್ಪೆಗೂ ಇರುವ ದೂರವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಇಲ್ಲಿನ ತುಂಡುಗಳ ಅಳತೆ 8×4×5 ಸೆಂಟಿಮೀಟರ್. ಒಳಗಿನ ಯಾವ ಬಿಂದುವೂ ಹೊರಮೈಯಿಂದ 2 ಸೆಂಟಿಮೀಟರಿಗಿಂತ ಹೆಚ್ಚು ದೂರವಿಲ್ಲ.

ಇದೇ ಫ್ರೈ 1918ರಲ್ಲಿ, ಒಡೆದುಹೋದ ಸ್ವಿಸ್ ಚೀಸ್ ಚೂರುಗಳನ್ನು ವ್ಯರ್ಥ ಮಾಡಬಾರದೆಂದು ಕರಗಿಸಿ ವೆಲ್ವೀಟಾವನ್ನೂ ಮಾಡಿದರು. ಯಾವ ವಾಸನೆಯೂ ಇಲ್ಲದ ಆ ಚೀಸು ಮತ್ತು ಮನೆ ತುಂಬ ನಾರುವ ಈ ಚೀಸು ಒಂದೇ ಕೈಯಿಂದ ಬಂದವು.

ಸಾಮಾನು

ಹಾಲು: ಹಸುವಿನದು, 2 ಅಮೆರಿಕನ್ ಗ್ಯಾಲನ್, ಅಂದರೆ 7.6 ಲೀಟರ್. ಪಾಶ್ಚರೀಕರಿಸಿದ್ದು, ಆದರೆ ಹೋಮೊಜಿನೈಸ್ ಮಾಡದ್ದು. ಬಾಟಲಿಯ ಕುತ್ತಿಗೆಯಲ್ಲಿ ಕೆನೆ ಕಟ್ಟಿರಬೇಕು. ಯುಎಚ್‌ಟಿ (ಅತಿ ಹೆಚ್ಚು ಬಿಸಿಯಲ್ಲಿ ಸಂಸ್ಕರಿಸಿದ) ಹಾಲು ಬೇಡ. ಅಷ್ಟು ಬಿಸಿ ಕಂಡ ಹಾಲಿನಲ್ಲಿ ಹಾಲೊಡಕಿನ ಪ್ರೋಟೀನುಗಳು ಹಾಲಿನ ಮುಖ್ಯ ಪ್ರೋಟೀನಾದ ಕೇಸೀನಿಗೆ ಅಂಟಿಕೊಂಡಿರುತ್ತವೆ. ರೆನೆಟ್ ಹಾಕಿದರೆ ಗಂಜಿಯ ಹಾಗೆ ಸಡಿಲವಾಗಿ ಕೂರುತ್ತದೆಯೇ ಹೊರತು ಕತ್ತರಿಸುವ ಗಟ್ಟಿತನ ಬರುವುದಿಲ್ಲ.

ಹಸಿ ಹಾಲೂ ಬೇಡ. ಅಮೆರಿಕದ ಕಾನೂನು ಹಸಿ ಹಾಲಿನ ಚೀಸನ್ನು ಮಾರುವ ಮೊದಲು ಕನಿಷ್ಠ 60 ದಿನ ಇಟ್ಟಿರಬೇಕು ಅನ್ನುತ್ತದೆ. ಈ ಜಾತಿಯ ಚೀಸಿಗೆ ಆ 60 ದಿನ ರಕ್ಷಣೆಯೇ ಅಲ್ಲ. ಗಟ್ಟಿ ಚೀಸಿನಲ್ಲಿ ಹುಳಿಯೂ ಒಣತನವೂ ಸೇರಿ ಲಿಸ್ಟೀರಿಯಾ ಎಂಬ ರೋಗಾಣುವನ್ನು ತಡೆಯುತ್ತವೆ. ಇಲ್ಲಿ ದಿನ ಕಳೆದಂತೆ ಸಿಪ್ಪೆಯ ಹುಳಿ ಇಳಿಯುತ್ತದೆ, ಒದ್ದೆತನ ಹಾಗೇ ಇರುತ್ತದೆ, ಲಿಸ್ಟೀರಿಯಾ ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತದೆ. ಪಾಶ್ಚರೀಕರಿಸಿದ ಹಾಲಿನಿಂದ ಮಾಡಿದ್ದನ್ನು ಕೂಡ ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕಡಿಮೆಯಿರುವವರು ತಿನ್ನಬಾರದು.

ಹೆಪ್ಪುಗಳು: ಹುಳಿ ಬರಿಸಲು ಮೀಸೋಫಿಲಿಕ್ (ಹದ ಬಿಸಿಯಲ್ಲಿ ಬೆಳೆಯುವ) ಪುಡಿ ಹೆಪ್ಪು ಕಾಲು ಟೀ ಚಮಚ (ಲ್ಯಾಕ್ಟೋಕಾಕಸ್ ಜಾತಿಯದು). ಸಿಪ್ಪೆಗಾಗಿ ಡೆಬಾರಿಯೋಮೈಸಿಸ್ ಹ್ಯಾನ್ಸೆನೀ ಎಂಬ ಯೀಸ್ಟ್, ಜಿಯೋಟ್ರೈಕಮ್ ಕ್ಯಾಂಡಿಡಮ್ ಎಂಬ ಶಿಲೀಂಧ್ರ, ಬ್ರೆವಿಬ್ಯಾಕ್ಟೀರಿಯಮ್ ಲೈನೆನ್ಸ್ ಎಂಬ ಬ್ಯಾಕ್ಟೀರಿಯಾ. ಮೂರೂ ಚಾಕುವಿನ ತುದಿಯಲ್ಲಿ ನಿಲ್ಲುವಷ್ಟು ಸಾಕು. ಜಿಯೋಟ್ರೈಕಮ್ ಮಾತ್ರ ಇನ್ನೂ ಕಡಿಮೆ.

ಕ್ಯಾಲ್ಸಿಯಂ ಕ್ಲೋರೈಡ್ ಶೇ 30ರ ದ್ರಾವಣ 2.5 ಮಿ.ಲೀ. ದ್ರವ ರೆನೆಟ್, ಸಾಮಾನ್ಯ ಬಲದ್ದು, 1.7 ಮಿ.ಲೀ. ಚಮಚದಲ್ಲಿ ಅಳೆಯಬೇಡಿ, ಸೂಜಿಯಿಲ್ಲದ ಸಿರಿಂಜ್ ಬಳಸಿ. ರೆನೆಟ್ ಅರ್ಧ ಮಿ.ಲೀ. ಹೆಚ್ಚಾದರೂ ಐದನೇ ವಾರಕ್ಕೆ ನಾಲಿಗೆಯ ಹಿಂಬದಿಯಲ್ಲಿ ಕಹಿ ಕೂರುತ್ತದೆ. ಅಯೋಡಿನ್ ಇಲ್ಲದ ಉಪ್ಪು. 24×8 ಸೆಂಟಿಮೀಟರಿನ, ತಳವಿಲ್ಲದ, ಗೋಡೆಗೆ ತೂತು ಹೊಡೆದ ಅಚ್ಚು, ಎತ್ತರ 15 ಸೆಂಟಿಮೀಟರ್. ಪ್ಲಾಸ್ಟಿಕ್ ಜಾಲರಿ ಚಾಪೆಗಳು. ಹುಳಿ ಅಳೆಯಲು ಪಿಎಚ್ ಮೀಟರ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು). ಕಾಗದದ ಪಟ್ಟಿಯಿಂದ 5.1ಕ್ಕೂ 5.4ಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಇಲ್ಲಿ ಬೇಕಿರುವುದು ಅದೇ ವ್ಯತ್ಯಾಸ.

ಮಾಗುವ ಗೂಡು

ಸಾಮಾನ್ಯ ಫ್ರಿಜ್ 4 ಡಿಗ್ರಿಯಲ್ಲಿರುತ್ತದೆ, ಬೇಕಿರುವುದು 13ರಿಂದ 14. ಅದರ ಪ್ಲಗ್ಗಿಗೂ ಗೋಡೆಯ ಸಾಕೆಟ್ಟಿಗೂ ನಡುವೆ ತಾಪ ನಿಯಂತ್ರಕವೊಂದನ್ನು ಕೂರಿಸಿದರೆ ಕೆಲಸ ಮುಗಿಯುತ್ತದೆ. ಗುರಿ 13.5, ಏರಿಳಿತ 1 ಡಿಗ್ರಿ, ಕಂಪ್ರೆಸರ್ ಮರುಚಾಲೂ ಆಗುವ ಮೊದಲು 5 ನಿಮಿಷ ತಡೆ. ಈ ತಡೆ ಕೊಡದಿದ್ದರೆ ಕಂಪ್ರೆಸರ್ ಒತ್ತಡ ಇಳಿಯುವ ಮೊದಲೇ ಮತ್ತೆ ಎದ್ದು ಸುಟ್ಟುಹೋಗಬಹುದು. ತಾಪದ ಸೆನ್ಸರನ್ನು ಗಾಳಿಯಲ್ಲಿ ನೇತುಹಾಕದೆ ನೀರು ತುಂಬಿದ ಸಣ್ಣ ಬಾಟಲಿಯಲ್ಲಿ ಮುಳುಗಿಸಿಡಿ. ಗಾಳಿಯಲ್ಲಿದ್ದರೆ ಬಾಗಿಲು ತೆಗೆದಾಗಲೆಲ್ಲ ಮೆಷಿನ್ ಓಡುತ್ತದೆ.

ತೇವಾಂಶವನ್ನು ಇಡೀ ಫ್ರಿಜ್ಜಿನಲ್ಲಿ ಕಾಯುವುದು ಕಷ್ಟ. ಮುಚ್ಚಳವಿರುವ ಎರಡು ಪ್ಲಾಸ್ಟಿಕ್ ಡಬ್ಬಿ, ಒಳಗೆ ಜಾಲರಿ, ಜಾಲರಿಯ ಕೆಳಗೆ ಒದ್ದೆ ಬಟ್ಟೆ ಇಷ್ಟರಲ್ಲೇ ಶೇ 92ರಿಂದ 95 ಸಿಗುತ್ತದೆ. ಅಗ್ಗದ ತೇವಾಂಶ ಮಾಪಕ ಶೇ 90 ದಾಟಿದ ಮೇಲೆ ಹೇಳುವುದನ್ನು ನಂಬುವಂತಿಲ್ಲ. ಅದನ್ನು ಒದ್ದೆ ಉಪ್ಪಿನ ಬಟ್ಟಲಿನ ಜೊತೆ ಬಿಗಿಯಾದ ಡಬ್ಬಿಯಲ್ಲಿ ಒಂದು ದಿನ ಇಟ್ಟರೆ ಶೇ 75 ತೋರಿಸಬೇಕು. ಎಷ್ಟು ತಪ್ಪು ತೋರಿಸುತ್ತದೋ ಬರೆದಿಟ್ಟುಕೊಳ್ಳಿ. ದಿನನಿತ್ಯಕ್ಕೆ ಮುಚ್ಚಳವನ್ನೇ ನೋಡುವುದು ಒಳ್ಳೆಯದು. ಒಳಗಡೆ ಮಂಜು ಕಟ್ಟಿದ್ದರೆ ಸರಿ. ಹನಿ ಹನಿಯಾಗಿ ಚೀಸಿನ ಮೇಲೆ ತೊಟ್ಟಿಕ್ಕುತ್ತಿದ್ದರೆ ಮುಚ್ಚಳ ಒರೆಸಿ ಬೆರಳಗಲ ಸರಿಸಿಡಿ. ಪೂರ್ತಿ ಒಣಗಿದ್ದರೆ ಬಟ್ಟೆ ಮತ್ತೆ ನೆನೆಸಿ.

ದಿನ 0: ಹಾಲಿನಿಂದ ಅಚ್ಚಿನವರೆಗೆ

ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ 32 ಡಿಗ್ರಿಗೆ ತಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ, ನಾಲ್ಕು ಹೆಪ್ಪಿನ ಪುಡಿಗಳನ್ನೂ ಮೇಲೆ ಉದುರಿಸಲಾಯಿತು. ಐದು ನಿಮಿಷ ನೆನೆಯಲು ಬಿಟ್ಟು ಆಮೇಲೆ ಕಲಕಬೇಕು. ಕೂಡಲೇ ಕಲಕಿದರೆ ಪುಡಿ ಗಂಟಾಗಿ ತಳ ಸೇರುತ್ತದೆ. ಆಗ ಪಿಎಚ್ 6.65. ಮುಚ್ಚಿಟ್ಟು 50 ನಿಮಿಷ ಕಳೆದಾಗ 6.56.

ರೆನೆಟ್ಟನ್ನು 50 ಮಿ.ಲೀ. ಕಾಯಿಸಿ ಆರಿಸಿದ ನೀರಿನಲ್ಲಿ ಬೆರೆಸಿ, ಹಾಲಿಗೆ ಹಾಕಿ, ಅರ್ಧ ನಿಮಿಷ ಮಾತ್ರ ಮೇಲೆ ಕೆಳಗೆ ಕಲಕಿ ನಿಲ್ಲಿಸಬೇಕು. ನಲ್ಲಿ ನೀರಿನ ಕ್ಲೋರಿನ್ ರೆನೆಟ್ಟನ್ನು ಕೊಲ್ಲುತ್ತದೆ. ಹಾಲು ಗಟ್ಟಿಯಾಗಲಿಲ್ಲ ಅನ್ನುವ ದೂರುಗಳಲ್ಲಿ ಎಷ್ಟೋ ಸಲ ಕಾರಣ ಇದೇ ನೀರು.

ಗರಣೆ ಕಟ್ಟುವ ಹೊತ್ತನ್ನು ಗಡಿಯಾರ ನೋಡಿ ಊಹಿಸುವುದಕ್ಕಿಂತ ಬಟ್ಟಲು ತಿರುಗಿಸಿ ತಿಳಿಯುವುದು ಮೇಲು. ಹಗುರವಾದ ಪ್ಲಾಸ್ಟಿಕ್ ಬಟ್ಟಲೊಂದನ್ನು ಹಾಲಿನ ಮೇಲೆ ತೇಲಬಿಟ್ಟು ನಿಮಿಷಕ್ಕೊಮ್ಮೆ ಬೆರಳಿನಿಂದ ತಿರುಗಿಸಿ. ಮೊದಮೊದಲು ಗಿರಗಿರ ತಿರುಗುತ್ತದೆ. ಒಂದು ಹಂತದಲ್ಲಿ ತಿರುಗಿ ತಟ್ಟನೆ ನಿಂತುಬಿಡುತ್ತದೆ. ರೆನೆಟ್ ಹಾಕಿದಾಗಿನಿಂದ ಅಲ್ಲಿಯವರೆಗಿನ ನಿಮಿಷವನ್ನು 4ರಿಂದ ಗುಣಿಸಿದರೆ ಕತ್ತರಿಸುವ ಸಮಯ. ಇಲ್ಲಿ 12 ನಿಮಿಷಕ್ಕೆ ನಿಂತಿತು, 48ನೇ ನಿಮಿಷಕ್ಕೆ ಚಾಕು ಹಾಕಲಾಯಿತು. ಗಟ್ಟಿ ಚೀಸಿಗೆ 3ರಿಂದ ಗುಣಿಸಿ ಬೇಗ ಕತ್ತರಿಸುತ್ತಾರೆ. ತಡವಾಗಿ ಕತ್ತರಿಸಿದಷ್ಟೂ ಗರಣೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಮೆದು ಚೀಸಿಗೆ ಅದೇ ಬೇಕು.

2 ಸೆಂಟಿಮೀಟರ್ ಚೌಕಗಳಾಗಿ ಕತ್ತರಿಸಿ, ಐದು ನಿಮಿಷ ಮುಟ್ಟದೆ ಬಿಟ್ಟು, ಆಮೇಲೆ 20 ನಿಮಿಷ ಕೈಯನ್ನೇ ಸೌಟಾಗಿ ಮಾಡಿಕೊಂಡು ಮೆಲ್ಲಗೆ ಅಡಿಮೇಲು ಮಾಡಿ. ಆ ಹೊತ್ತಿಗೆ ಚೌಕಗಳ ಮೂಲೆ ದುಂಡಗಾಗುತ್ತದೆ. ಈಗ 1.5 ಲೀಟರ್ ಹಾಲೊಡಕು ತೆಗೆದು 34 ಡಿಗ್ರಿಯ 1 ಲೀಟರ್ ಕುದಿಸಿ ಆರಿಸಿದ ನೀರು ಹಾಕಿ ಇನ್ನು ಹತ್ತು ನಿಮಿಷ ಆಡಿಸಲಾಯಿತು. ಈ ತೊಳೆತವನ್ನು ಬಿಡಬೇಡಿ. ಗರಣೆಯೊಳಗಿನ ಲ್ಯಾಕ್ಟೋಸ್ ಅಷ್ಟು ಕಡಿಮೆಯಾದರೆ ಮರುದಿನದ ಹುಳಿ 5.1ರ ಆಸುಪಾಸಿನಲ್ಲಿ ನಿಲ್ಲುತ್ತದೆ. ತೊಳೆಯದಿದ್ದರೆ 4.8ಕ್ಕೆ ಇಳಿದು ತಿರುಳು ಸೀಮೆಸುಣ್ಣದ ಹಾಗೆ ಪುಡಿಯಾಗುತ್ತದೆ. ಸಿಪ್ಪೆಯ ಮೇಲಿನ ಯೀಸ್ಟ್‌ಗೂ ಅಷ್ಟು ಹುಳಿಯನ್ನು ತಿಂದು ಮುಗಿಸಲು ವಾರಗಟ್ಟಲೆ ಹಿಡಿಯುತ್ತದೆ.

ಅಚ್ಚಿಗೆ ತುಂಬಿ ಭಾರ ಹೇರದೆ ಬಿಡಬೇಕು. 15 ನಿಮಿಷಕ್ಕೆ, ಅರ್ಧ ಗಂಟೆಗೆ, ಒಂದು ಗಂಟೆಗೆ, ಎರಡು ಗಂಟೆಗೆ ಮಗುಚಿ, ಕೋಣೆ 23 ಡಿಗ್ರಿಯಲ್ಲಿರುವಂತೆ ನೋಡಿಕೊಂಡು ರಾತ್ರಿಯಿಡೀ ಬಿಡಲಾಯಿತು. ಮೊದಲ ಮಗುಚುವಿಕೆ ತಡವಾದರೆ ಕೆಳಮುಖ ಮುಚ್ಚಿಕೊಂಡು ನಡುವೆ ಹಾಲೊಡಕು ಸಿಕ್ಕಿಬೀಳುತ್ತದೆ, ಐದನೇ ವಾರಕ್ಕೆ ಅದೇ ಜಾಗದಲ್ಲಿ ಹುಳಿ ಗುಳಿ ಬೀಳುತ್ತದೆ.

ದಿನ 1 ಮತ್ತು 2: ಉಪ್ಪು

ಬೆಳಿಗ್ಗೆ ಪಿಎಚ್ 5.15, ತೂಕ 1,015 ಗ್ರಾಂ, ಎತ್ತರ 5 ಸೆಂಟಿಮೀಟರ್. 24 ಸೆಂಟಿಮೀಟರಿನ ಉದ್ದವನ್ನು 4ರಂತೆ ಆರು ತುಂಡು ಮಾಡಲಾಯಿತು. ಕತ್ತರಿಸಿದ ಮೈ ನುಣ್ಣಗೆ, ಅಲ್ಲಲ್ಲಿ ಕಾಳಿನಷ್ಟು ಸಣ್ಣ ಸಂದು, ಅಷ್ಟೇ. ಈ ಹಂತದಲ್ಲಿ ಸ್ಪಂಜಿನಂತೆ ತೂತುತೂತಾಗಿ ಉಬ್ಬಿದ್ದರೆ, ಉಪ್ಪುನೀರಿನಲ್ಲಿ ಬೆಂಡಿನ ಹಾಗೆ ತೇಲಿದರೆ ಕೋಲಿಫಾರ್ಮ್ ಎಂಬ ಕೊಳಕಿನ ಬ್ಯಾಕ್ಟೀರಿಯಾ ಸೇರಿದೆ ಎಂದರ್ಥ. ಉಳಿಸಿಕೊಳ್ಳುವ ದಾರಿಯಿಲ್ಲ, ಎಸೆದು ಪಾತ್ರೆಗಳನ್ನೆಲ್ಲ ಕುದಿಸಬೇಕು.

ಉಪ್ಪುನೀರು: 2 ಲೀಟರ್ ನೀರಿಗೆ 440 ಗ್ರಾಂ ಉಪ್ಪು (ತೂಕದಲ್ಲಿ ಶೇ 18), 2 ಮಿ.ಲೀ. ಕ್ಯಾಲ್ಸಿಯಂ ಕ್ಲೋರೈಡ್, ಪಿಎಚ್ 5.2 ಆಗುವಷ್ಟು ಬಿಳಿ ವಿನೆಗರ್. ಕ್ಯಾಲ್ಸಿಯಂ ಇಲ್ಲದ ಉಪ್ಪುನೀರು ಚೀಸಿನ ಮೈಯಿಂದಲೇ ಕ್ಯಾಲ್ಸಿಯಂ ಎಳೆದುಕೊಂಡು ಮೇಲ್ಮೈಯನ್ನು ಲೋಳೆ ಮಾಡುತ್ತದೆ. 13 ಡಿಗ್ರಿಯಲ್ಲಿ 80 ನಿಮಿಷ, ನಡುವೆ ಒಮ್ಮೆ ಮಗುಚಿ. ತೆಗೆದ ಮೇಲೆ ಒಂದು ಹಗಲು ಒಂದು ರಾತ್ರಿ 15 ಡಿಗ್ರಿಯಲ್ಲಿ ಜಾಲರಿಯ ಮೇಲೆ ಆರಿಸಬೇಕು. ಬೆರಳಿಟ್ಟರೆ ತೇವ ಹತ್ತಬಾರದು, ಆದರೆ ಮೈ ತಣ್ಣಗಿರಬೇಕು.

ಮನೆ ಬದಲಿಸಿದ ಹೆಪ್ಪು

ಸಿಪ್ಪೆ ತೊಳೆಯುವ ಕೆಲಸಕ್ಕೆ ಇಳಿಯುವ ಮೊದಲು ವ್ಯಾನ್ ವರ್ಟ್‌ನ ಕಥೆ ಹೇಳಲೇಬೇಕು. 1926ರಲ್ಲಿ ಕಂಪನಿ ಹೆಚ್ಚು ಹಾಲು ಸಿಗುವ ಜಾಗ ಹುಡುಕಿ ನ್ಯೂಯಾರ್ಕ್‌ನ ಮನ್ರೋದಿಂದ ಒಹಾಯೋದ ವ್ಯಾನ್ ವರ್ಟ್‌ಗೆ ಹೋಯಿತು. ಹಳೇ ಉಪಕರಣ ಬಂತು, ಕೆಲಸ ಬಲ್ಲವರೂ ಬಂದರು, ಚೀಸು ಮಾತ್ರ ಮೊದಲಿನಂತೆ ಬರಲಿಲ್ಲ. ಕೊನೆಗೆ ಹಳೇ ಲೀಡರ್‌ಕ್ರಾನ್ಜನ್ನೇ ತಂದು ಹೊಸ ಕಟ್ಟಡದ ಗೋಡೆಗಳಿಗೆ ಬಳಿದಾಗ ಸರಿಹೋಯಿತು ಎಂದು ಚೀಸ್ ಮಾಡುವವರ ನಡುವೆ ಇಂದಿಗೂ ಹೇಳುತ್ತಾರೆ. ಬಾಯಿಂದ ಬಾಯಿಗೆ ಬಂದ ಕಥೆಯಾದರೂ ಅದರ ಹಿಂದಿನ ತರ್ಕ ಗಟ್ಟಿ. ಮಾಗುವ ಕೋಣೆಯ ಹಲಗೆ, ಗೋಡೆ, ಕೆಲಸಗಾರರ ಕೈ ಎಲ್ಲವೂ ಹೆಪ್ಪಿನ ಪಾತ್ರೆಗಳೇ. ಹೊಸ ಮನೆಗೆ ಹೋದವರು ಪಕ್ಕದ ಮನೆಯಿಂದ ಒಂದು ಚಮಚ ಮೊಸರು ಕೇಳಿ ತರುವುದು ಇದೇ ಕಾರಣಕ್ಕೆ.

1929ರಲ್ಲಿ ಬಾರ್ಡನ್ ಕಂಪನಿ ಅದನ್ನು ಕೊಂಡಿತು. 1980ರ ದಶಕದಲ್ಲಿ ತಯಾರಿಕೆ ನಿಂತಿತು. 2010ರಲ್ಲಿ ವಿಸ್ಕಾನ್ಸಿನ್‌ನ ಡಿಸಿಐ ಚೀಸ್ ಕಂಪನಿ ಅದೇ ಹೆಸರಿನಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು. ಮನೆಯಲ್ಲಿ ಮಾಡುವವರ ಕೈಗೆ ಮೂಲ ಹೆಪ್ಪು ಸಿಗುವುದಿಲ್ಲ, ಹಾಗಾಗಿ ಅದರ ಅತಿ ಹತ್ತಿರದ ನೆಂಟ ಲಿಂಬರ್ಗರಿನ ಸಿಪ್ಪೆಯನ್ನು ಇಲ್ಲಿ ಬಳಸಿದೆ.

ಹಚ್ಚುವ ನೀರು ಎರಡು ಬಗೆ. ಎರಡಕ್ಕೂ ತಳಹದಿ 100 ಮಿ.ಲೀ. ಕುದಿಸಿ ಆರಿಸಿದ ನೀರು, 3 ಗ್ರಾಂ ಉಪ್ಪು, ಚಿಟಿಕೆಗಿಂತ ಕಡಿಮೆ ಬ್ರೆವಿಬ್ಯಾಕ್ಟೀರಿಯಮ್ ಪುಡಿ. ಎರಡನೆಯದಕ್ಕೆ ಮಾತ್ರ ಅವಧಿ ಮೀರದ, ಆಗಷ್ಟೇ ಬಿಚ್ಚಿದ ಲಿಂಬರ್ಗರಿನ 5 ಗ್ರಾಂ ಸಿಪ್ಪೆಯನ್ನು ಕಿವುಚಿ ಸೇರಿಸಲಾಯಿತು. 12 ಗಂಟೆ 20 ಡಿಗ್ರಿಯಲ್ಲಿಟ್ಟು ಸೋಸಿ, ಆಮೇಲೆ ಫ್ರಿಜ್ಜಿಗೆ. ವಾರಕ್ಕೊಮ್ಮೆ ಹೊಸದು ಮಾಡಬೇಕು.

ದಿನ 3ರಿಂದ 14: ಸಿಪ್ಪೆ

ಇಲ್ಲಿಂದ ಮುಂದೆ ಮೂಗೇ ಮುಖ್ಯ ಉಪಕರಣ. ಕನ್ನಡದಲ್ಲಿ ಕೆಟ್ಟ ವಾಸನೆಗೆ ಇರುವಷ್ಟು ಹೆಸರು ಈ ಕೆಲಸಕ್ಕೆ ಬಹಳ ಉಪಯೋಗ.

ದಿನ 3 ಮತ್ತು 4: ಮೈ ಸ್ವಲ್ಪ ಜಾರುತ್ತದೆ, ಎಣ್ಣೆ ಸವರಿದ ಹಾಗೆ. ವಾಸನೆ ಹುದುಗು ಬಂದ ದೋಸೆ ಹಿಟ್ಟಿನದು. ಯೀಸ್ಟ್ ಲ್ಯಾಕ್ಟಿಕ್ ಆಮ್ಲವನ್ನು ತಿನ್ನುತ್ತಿದೆ. ಬ್ರೆವಿಬ್ಯಾಕ್ಟೀರಿಯಮ್ ಉಪ್ಪಿಗೆ ಹೆದರುವುದಿಲ್ಲ, ಹುಳಿಗೆ ಹೆದರುತ್ತದೆ. ಮೇಲ್ಮೈ ಪಿಎಚ್ 6ರ ಹತ್ತಿರ ಬರುವತನಕ ತಲೆ ಎತ್ತುವುದಿಲ್ಲ. ಈ ಎರಡು ದಿನ ಏನೂ ಆಗುತ್ತಿಲ್ಲವೆಂದು ಹೆಪ್ಪು ಸುರಿಯುವುದು ವ್ಯರ್ಥ.

ದಿನ 5: ಮೊದಲ ತೊಳೆತ. ಮೆತ್ತನೆ ಬಟ್ಟೆಯನ್ನು ಹಚ್ಚುವ ನೀರಿನಲ್ಲಿ ಅದ್ದಿ ಹಿಂಡಿ, ಆರೂ ಮುಖಗಳನ್ನು ದುಂಡಗೆ ಉಜ್ಜಬೇಕು. ಜಿಯೋಟ್ರೈಕಮ್‌ನ ಬಿಳಿ ಪುಡಿಯಂಥ ಪದರವನ್ನು ಕಿತ್ತುಹಾಕದೆ ಅದನ್ನೇ ಮೈಗೆಲ್ಲ ಲೇಪದ ಹಾಗೆ ಹರಡುವುದು ಉದ್ದೇಶ. ನೀರು ಸುರಿದು ತೊಳೆದರೆ ಹೆಪ್ಪೂ ಕೊಚ್ಚಿಹೋಗುತ್ತದೆ. ಆಮೇಲೆ ಎರಡು ದಿನಕ್ಕೊಮ್ಮೆ ಇದೇ ಕೆಲಸ.

ಕಾರ್ಖಾನೆಗಳಲ್ಲಿ ಹಿಂದೆ ಹಳೇ ಚೀಸನ್ನು ಮೊದಲು ಉಜ್ಜಿ ಅದೇ ನೀರಿನಿಂದ ಎಳೆಯದನ್ನು ಉಜ್ಜುತ್ತಿದ್ದರು. ಹೆಪ್ಪು ಬೇಗ ದಾಟುತ್ತಿತ್ತು, ಒಂದರಲ್ಲಿ ಲಿಸ್ಟೀರಿಯಾ ಇದ್ದರೆ ಅದೂ ಅಷ್ಟೇ ಬೇಗ ದಾಟುತ್ತಿತ್ತು. ಮನೆಯಲ್ಲಿ ಬೇರೆ ಬೇರೆ ವಯಸ್ಸಿನ ಚೀಸಿದ್ದರೆ ಎಳೆಯದನ್ನು ಮೊದಲು ಮುಟ್ಟಿ, ಉಳಿದ ನೀರನ್ನು ಚೆಲ್ಲಿಬಿಡಿ.

ದಿನ 7: ಲಿಂಬರ್ಗರ್ ಸಿಪ್ಪೆ ಕಂಡ ಮೂರು ತುಂಡಿನ ಅಂಚುಗಳಲ್ಲಿ ಮಾಗಿದ ಏಪ್ರಿಕಾಟಿನ ಬಣ್ಣ ಮೂಡಿತು. ಪುಡಿಯ ಮೂರು ಇನ್ನೂ ಕೆನೆ ಬಿಳಿ.

ದಿನ 9: ಬಣ್ಣ ಕಂಡ ಡಬ್ಬಿ ತೆರೆದರೆ ಮಳೆಗಾಲದಲ್ಲಿ ಎರಡು ದಿನ ಹಾಕಿದ ಸಾಕ್ಸಿನ ವಾಸನೆ. ಇದು ಬರೀ ಹೋಲಿಕೆಯಲ್ಲ. ಬ್ರೆವಿಬ್ಯಾಕ್ಟೀರಿಯಮ್‌ನ ಹತ್ತಿರದ ಬಂಧುಗಳು ಮನುಷ್ಯನ ಕಾಲ್ಬೆರಳ ಸಂದಿಯಲ್ಲೇ ವಾಸಿಸುತ್ತವೆ. ಮಲೇರಿಯಾ ಹರಡುವ ಆಫ್ರಿಕಾದ ಅನಾಫಿಲಿಸ್ ಗ್ಯಾಂಬಿಯೇ ಸೊಳ್ಳೆ ಲಿಂಬರ್ಗರಿನ ವಾಸನೆಗೆ ಬರುತ್ತದೆಂದು ನೆದರ್ಲೆಂಡ್ಸ್‌ನ ವಿಜ್ಞಾನಿಗಳು 1996ರಲ್ಲಿ ತೋರಿಸಿದ್ದರು.

ಇದೇ ದಿನ ಪುಡಿಯ ಡಬ್ಬಿಯಲ್ಲಿ ಒಂದು ತುಂಡಿನ ಮೂಲೆಗೆ ನೀಲಿ ಬೂಸ್ಟು ಹಿಡಿದಿತ್ತು. ಆ ಮೂಲೆ ಜಾಲರಿಯ ಅಂಚು ದಾಟಿ ಡಬ್ಬಿಯ ಗೋಡೆಗೆ ತಾಗಿ ಒಣಗಿತ್ತು. ತೊಳೆದ ಲೇಪ ಅಲ್ಲಿಗೆ ತಲುಪಿರಲಿಲ್ಲ. ಚಾಕುವಿನಿಂದ ಅರ್ಧ ಸೆಂಟಿಮೀಟರ್ ಆಳಕ್ಕೆ ಕೆತ್ತಿ, ಉಪ್ಪಿನ ಪುಡಿಯಿಂದ ತಿಕ್ಕಿ, ಒಂದು ದಿನ ಬಿಟ್ಟು ಲೇಪ ಹಚ್ಚಿದಾಗ ನಿಂತಿತು. ಬೂದು ಬಣ್ಣದ ಬೆಕ್ಕಿನ ಕೂದಲಿನಂಥದು ಎದ್ದರೆ ಅದು ಮ್ಯೂಕರ್ ಎಂಬ ಬೂಸ್ಟು, ಡಬ್ಬಿ ಅತಿ ಒದ್ದೆಯಾಗಿದೆ. ಅಂಗೈಯಿಂದ ಒತ್ತಿ ಮಲಗಿಸಿ ಉಜ್ಜಿ, ಮುಚ್ಚಳ ಸರಿಸಿ. ಹಸಿರು ಮಿಶ್ರಿತ ಹೊಳೆಯುವ ಹಳದಿ ಲೋಳೆ ಕಂಡರೆ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ, ಸಾಮಾನ್ಯವಾಗಿ ನೀರಿನಿಂದ ಬಂದದ್ದು. ಆ ತುಂಡನ್ನು ತಿನ್ನಬೇಡಿ.

ಸಿಪ್ಪೆ ಕಪ್ಪೆಯ ಚರ್ಮದ ಹಾಗೆ ಸುಕ್ಕುಗಟ್ಟಿ ತಿರುಳಿನಿಂದ ಕಳಚಿಕೊಳ್ಳುವುದು ಜಿಯೋಟ್ರೈಕಮ್ ಹೆಚ್ಚಾದಾಗ. ಅದಕ್ಕೇ ಮೊದಲೇ ಹೇಳಿದ್ದು, ಪುಡಿ ಕಡಿಮೆ ಇರಲಿ ಎಂದು.

ದಿನ 11: ಪುಡಿಯ ತುಂಡುಗಳಿಗೂ ಬಣ್ಣ ಬಂತು. ಎರಡು ಡಬ್ಬಿಗೂ ಬೇರೆ ಬೇರೆ ಬಟ್ಟೆ, ಬೇರೆ ಬೇರೆ ನೀರು ಇತ್ತು. ಫ್ರಿಜ್ ಮಾತ್ರ ಒಂದೇ, ತೊಳೆದ ಕೈಯೂ ಒಂದೇ. ಈ ಬಣ್ಣ ಪುಡಿಯಿಂದಲೇ ಬಂತೋ ಪಕ್ಕದ ಡಬ್ಬಿಯಿಂದ ದಾಟಿತೋ ಬೇರ್ಪಡಿಸಲಾಗದು. ಗೋಡೆಗೆ ಚೀಸ್ ಬಳಿದ ಕಥೆಯನ್ನು ನಂಬಲು ಈ ಒಂದು ಗೂಡು ಸಾಕು.

ದಿನ 14: ಆರೂ ಕಿತ್ತಳೆ. ಬೆರಳು ಒತ್ತಿ ಎತ್ತಿದರೆ ಬೆಲ್ಲದ ಪಾಕದ ಹಾಗೆ ಸಣ್ಣಗೆ ಅಂಟಿ ಬಿಡುತ್ತದೆ. ವಾಸನೆ ಈಗ ಬೇಯಿಸಿದ ಎಲೆಕೋಸಿನ ಕಡೆಗೆ ತಿರುಗಿದೆ. ಮೆಥಿಯೋನಿನ್ ಎಂಬ ಅಮೈನೋ ಆಮ್ಲವನ್ನು ಬ್ರೆವಿಬ್ಯಾಕ್ಟೀರಿಯಮ್ ಒಡೆದಾಗ ಬರುವ ಮೀಥೇನ್‌ಥಯಾಲ್ ಎಂಬ ಗಂಧಕದ ಅನಿಲ ಅದು. ತುಂಡೊಂದರ ತೂಕ 150 ಗ್ರಾಂ ಆಸುಪಾಸು.

ಸುತ್ತಿ ಇಡುವುದು, ದಿನ 15ರಿಂದ 49

ಬಟರ್ ಪೇಪರಿನಲ್ಲಿ ಸುತ್ತಿ ಅದರ ಮೇಲೆ ಅಲ್ಯೂಮಿನಿಯಂ ಹಾಳೆ. ಹಾಳೆಯನ್ನು ನೇರವಾಗಿ ತಾಗಿಸಿದರೆ ಉಪ್ಪಿಗೆ ತೂತು ಬಿದ್ದು ಕಪ್ಪು ಚುಕ್ಕೆ ಹತ್ತುತ್ತದೆ. ಬಿಗಿ ಮುಚ್ಚಳದ ಗಾಜಿನ ಡಬ್ಬಿಯಲ್ಲಿ 5 ಡಿಗ್ರಿಯಲ್ಲಿಡಬೇಕು. ಇಲ್ಲದಿದ್ದರೆ ಫ್ರಿಜ್ಜಿನಲ್ಲಿರುವ ಬೆಣ್ಣೆ, ಹಾಲು, ಹಿಟ್ಟು ಎಲ್ಲಕ್ಕೂ ಈ ನಾತ ಹತ್ತುತ್ತದೆ.

ಒಳಗೆ ನಡೆಯುವುದಿಷ್ಟು: ಸಿಪ್ಪೆಯಲ್ಲಿ ಆಮ್ಲ ಮುಗಿದು ಅಮೋನಿಯಾ ಹುಟ್ಟುತ್ತದೆ, ಹೊರಗಿನ ಪಿಎಚ್ ಏರುತ್ತದೆ, ಒಳಗಿನ ಕ್ಯಾಲ್ಸಿಯಂ ಫಾಸ್ಫೇಟ್ ಹೊರಮೈಗೆ ಸರಿಯುತ್ತದೆ. ಅಂಟುಗಾರೆಯಂತಿದ್ದ ಕ್ಯಾಲ್ಸಿಯಂ ಹೋದ ಮೇಲೆ ಕೇಸೀನಿನ ಜಾಲ ಸಡಿಲವಾಗಿ, ಮೊದಲೇ ರೆನೆಟ್ ತುಂಡರಿಸಿಟ್ಟದ್ದೆಲ್ಲ ಕರಗತೊಡಗುತ್ತದೆ. 28ನೇ ದಿನ ಒಂದನ್ನು ಕೊಯ್ದಾಗ ಸಿಪ್ಪೆಯ ಕೆಳಗೆ ಅರೆ ಪಾರದರ್ಶಕ ಹಳದಿ ಪಟ್ಟಿ 8 ಮಿಲಿಮೀಟರ್, ನಡುವೆ ಬಿಳಿ ಗಟ್ಟಿ ತಿರುಳು. 49ನೇ ದಿನ ಬಿಳಿ ಉಳಿದದ್ದು ಹುಣಸೆ ಬೀಜದಷ್ಟು.

ವಾರಕ್ಕೊಮ್ಮೆ ಡಬ್ಬಿ ತೆರೆದು ಹತ್ತು ನಿಮಿಷ ಗಾಳಿಗೆ ಬಿಡಿ. ಕಣ್ಣಿಗೆ ಚುಚ್ಚುವ ಅಮೋನಿಯಾ ಘಾಟು ಅಷ್ಟರಲ್ಲಿ ಹೋಗುತ್ತದೆ. ಅರ್ಧ ಗಂಟೆಯಾದರೂ ಹೋಗದಿದ್ದರೆ ಕಾಲ ಮೀರಿದೆ. ಹತ್ತನೇ ದಿನಕ್ಕೇ ಆತುರಪಟ್ಟು ಚಳಿಗೆ ಹಾಕಿದರೆ ಸಿಪ್ಪೆ ಬಲಿಯದೆ ನಡುವಿನ ಸುಣ್ಣದಂಥ ಬಿಳಿ ತಿರುಳು ಎಂಟು ವಾರವಾದರೂ ಕರಗುವುದಿಲ್ಲ. 18 ಡಿಗ್ರಿಯಲ್ಲಿ ಬೆಚ್ಚಗಿಟ್ಟರೆ ಹೊರಭಾಗ ಹರಿದುಹೋಗಿ ಒಳಭಾಗ ಹಸಿಯಾಗಿಯೇ ಉಳಿಯುತ್ತದೆ.

ಕೊಯ್ದು ನೋಡಿದ್ದು

ಎರಡು ಗುಂಪಿನ ನಡುವೆ ಬಣ್ಣದಲ್ಲಿ ಈಗ ವ್ಯತ್ಯಾಸವಿಲ್ಲ. ರುಚಿಯಲ್ಲಿ ಇದೆ. ಪುಡಿಯದು ಸ್ವಚ್ಛ, ಒಂದೇ ಎಳೆಯದು: ಕೆನೆ, ಉಪ್ಪು, ಎಲೆಕೋಸು. ಸಿಪ್ಪೆಯ ಹೆಪ್ಪಿನದರಲ್ಲಿ ಅದರ ಮೇಲೆ ಹುರಿದ ಶೇಂಗಾದ ಹಾಗಿನದೊಂದು, ಬೇಯಿಸಿದ ಮಾಂಸದ ಸಾರಿನ ಹಾಗಿನದೊಂದು ಸೇರಿ ನಾಲಿಗೆಯಲ್ಲಿ ನಿಲ್ಲುತ್ತದೆ. ಎರಡರಲ್ಲೂ ಬಾಯಿಗಿಂತ ಮೂಗಿಗೆ ಹೆಚ್ಚು ಏಟು. ಬಾಯಲ್ಲಿಟ್ಟ ಮೇಲೆ ಇಷ್ಟು ಮೃದುವೇ ಅನ್ನಿಸುವುದು ಈ ಚೀಸಿನ ಸ್ವಭಾವ. ಹೊಸಬರು ಸಿಪ್ಪೆ ಕೆರೆದು ತಿಂದರೆ ಮುಕ್ಕಾಲು ನಾತ ಹೋಗುತ್ತದೆ. ಫ್ರಿಜ್ಜಿನಿಂದ ತೆಗೆದು ಒಂದು ಗಂಟೆ ಹೊರಗಿಟ್ಟು, ರೈ ಬ್ರೆಡ್ಡಿನ ಮೇಲೆ ದಪ್ಪಗೆ ಸವರಿ, ಹಸಿ ಈರುಳ್ಳಿ ಮತ್ತು ಕಂದು ಸಾಸಿವೆಯ ಜೊತೆ ತಿನ್ನುವುದು ವಿಸ್ಕಾನ್ಸಿನ್‌ನ ಮನ್ರೋದವರ ಕ್ರಮ. ಈರುಳ್ಳಿಯ ಖಾರ ಈ ಕೆನೆಯನ್ನು ಸರಿಯಾಗಿ ಕತ್ತರಿಸುತ್ತದೆ.

ಕರ್ನಾಟಕದಲ್ಲಿ ಮಾಡುವವರಿಗೆ

ಹಸುವಿನ ಹಾಲೆಂದು ನಮೂದಿಸಿದ, ಹೋಮೊಜಿನೈಸ್ ಮಾಡದ ಪಾಶ್ಚರೀಕೃತ ಪ್ಯಾಕೆಟ್ ಹಾಲು ಸಾಕು. ಮನೆಗೆ ತಂದು ಮತ್ತೆ ಉಕ್ಕಿಸಬೇಡಿ, ಯುಎಚ್‌ಟಿ ಹಾಲಿನ ತೊಂದರೆಯೇ ಬರುತ್ತದೆ. ಎಮ್ಮೆ ಹಾಲು ಸೇರಿದ್ದರೆ ಗರಣೆ ಗಡುಸಾಗಿ ಕ್ಯಾಲ್ಸಿಯಂ ಕ್ಲೋರೈಡ್ ಬೇಕಾಗುವುದಿಲ್ಲ, ಮಾಗಲು ಹೆಚ್ಚು ದಿನ ಹಿಡಿಯುತ್ತದೆ. ಸಸ್ಯಾಹಾರಿಗಳಿಗೆ ರೈಜೋಮ್ಯೂಕರ್ ಶಿಲೀಂಧ್ರದಿಂದ ತೆಗೆದ ರೆನೆಟ್ ಇದೆ. ಅದು ಪ್ರೋಟೀನನ್ನು ಹೆಚ್ಚು ಕತ್ತರಿಸಿ ಕಹಿ ತರುವ ಸಂಭವ ಜಾಸ್ತಿ, ಆದ್ದರಿಂದ ಬಾಟಲಿಯ ಮೇಲೆ ಹೇಳಿದ್ದಕ್ಕಿಂತ ಒಂದು ಹನಿಯೂ ಹೆಚ್ಚು ಬೇಡ. ಬೇಸಿಗೆಯಲ್ಲಿ ಅಚ್ಚಿನ ರಾತ್ರಿ ಕೋಣೆ 28 ಡಿಗ್ರಿ ಇದ್ದರೆ ಹುಳಿ ಓಡುತ್ತದೆ. ಸಂಜೆಯ ಬದಲು ಬೆಳಿಗ್ಗೆ ಶುರು ಮಾಡಿ, ಪಿಎಚ್ 5.2 ಮುಟ್ಟಿದ ಕೂಡಲೇ, ರಾತ್ರಿ ಎಷ್ಟು ಹೊತ್ತಾಗಿದ್ದರೂ ಉಪ್ಪುನೀರಿಗೆ ಹಾಕಿ.

ಮುಂದಿನ ಸರದಿಗೆ

ಸಿಪ್ಪೆಯ ಹೆಪ್ಪಿನ ಗುಂಪಿನಿಂದ ಚೆನ್ನಾಗಿ ಬಂದ ತುಂಡಿನ 20 ಗ್ರಾಂ ಸಿಪ್ಪೆಯನ್ನು 5 ಗ್ರಾಮಿನ ನಾಲ್ಕು ಪೊಟ್ಟಣ ಮಾಡಿ ಫ್ರೀಜರಿಗೆ ಹಾಕಿದೆ. ಒಂದು ಪೊಟ್ಟಣ ಒಂದು ಸರದಿಗೆ. ಜಾಲರಿ, ಡಬ್ಬಿಗಳನ್ನು ಸೋಪಿನಿಂದ ತೊಳೆದು ಕುದಿನೀರು ಹಾಕಿ ಬಿಸಿಲಿಗಿಡಲಾಗಿದೆ, ಏಕೆಂದರೆ ಹೆಪ್ಪನ್ನು ಉಳಿಸುವ ಜಾಗ ಪೊಟ್ಟಣ, ಪಾತ್ರೆಯಲ್ಲ. ಬದಲಾವಣೆ ಎರಡು: ಉಪ್ಪುನೀರಿನಲ್ಲಿ 80ರ ಬದಲು 70 ನಿಮಿಷ, ಮತ್ತು ಜಾಲರಿಯ ಅಂಚಿನಿಂದ ಪ್ರತಿ ತುಂಡಿಗೂ ಎರಡು ಬೆರಳು ಜಾಗ.